ಕನ್ನಡಿಯ ಹಿಂದಿನ ಗೋಡೆ

ನನಗೆ ಕನ್ನಡ ಬರುತ್ತದೆ ಎಂದು ಹದಿನೈದು ವರ್ಷದಲ್ಲಿ ಯಾವ ಸೈಟಿನಲ್ಲೂ ನಾನು ಬಾಯಿ ಬಿಟ್ಟಿರಲಿಲ್ಲ. ಮಾತಾಡುವುದಷ್ಟೇ ಅಲ್ಲ, ಓದಲು ಬರೆಯಲು ಎಲ್ಲ ಬರುತ್ತದೆ. ಏಳನೇ ಕ್ಲಾಸಿನವರೆಗೆ ಮಲಾಡಿನ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಕಲಿತವಳು ನಾನು. ಮನೆಯಲ್ಲಿ ತುಳು. ಅಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಇದ್ದರು. ಮಾಲೀಕರಲ್ಲ, ಸಪ್ಲೈಯರ್. ಇದನ್ನೂ ನಾನು ಯಾರಿಗೂ ಹೇಳುತ್ತಿರಲಿಲ್ಲ. ಮದುವೆಯಾಗಿ ಸಾವಂತ ಆದ ಮೇಲಂತೂ ಇನ್ನೂ ಸಲೀಸಾಯಿತು. ವಿಜೇತಾ ಸಾವಂತ ಎಂದರೆ ಮರಾಠಿಯವಳು ಎಂದೇ ಎಲ್ಲರೂ ತಿಳಿಯುತ್ತಾರೆ, ನಾನು ಅಲ್ಲ ಎನ್ನಲು ಹೋಗುವುದಿಲ್ಲ.

ಇದು ಶುರುವಾದದ್ದು ವಿಕ್ರೋಳಿಯ ಒಂದು ಆಫೀಸಿನ ಕೆಲಸದಲ್ಲಿ, ಇಂಟೀರಿಯರ್ ಡಿಸೈನಿಗೆ ನಾನಿನ್ನೂ ಹೊಸಬಳಾಗಿದ್ದಾಗ. ಟೈಲ್ಸ್ ಕೂರಿಸುತ್ತಿದ್ದ ಖಂಡಪ್ಪ ಎಂಬ ಹಿರಿಯ ಮೇಸ್ತ್ರಿ ಎರಡು ದಿನ ನನ್ನನ್ನೇ ನೋಡಿ ನೋಡಿ, ಮೂರನೇ ದಿನ ಆಫೀಸಿನ ದೊಡ್ಡ ಸಾಹೇಬರ ಎದುರಿಗೆ, "ಅವ್ವಾರ, ನೀವು ಮಲಾಡ್ ಹೋಟೆಲ್ನಾಗ ಚಾ ಕೊಡ್ತಿದ್ದ ಅಣ್ಣಾರ ಮಗಳಲ್ಲೇನ್ರಿ? ಸಣ್ಣಾಕಿ ಇದ್ದಾಗ ಕೌಂಟರ್ ಬಾಜೂ ಕುಂತು ಪಾಟಿ ಮ್ಯಾಲೆ ಬರೀತಿದ್ರಿ" ಅಂದ. ಗುರುತು ಸಿಕ್ಕಿತೆಂದು ಅವನಿಗೆ ಬಹಳ ಖುಷಿಯಾಗಿತ್ತು. ನಾನು, "ಕ್ಯಾ ಬೋಲ್ ರಹೇ ಹೋ? ಹಿಂದೀ ಮೇ ಬೋಲೋ" ಅಂದೆ. ಅವನು ನನ್ನ ಮುಖ ನೋಡಿದ, ಕರಣೆ ಎತ್ತಿಕೊಂಡು ತಿರುಗಿ ಕೂತ. ಅಪ್ಪ ಆಗ ಬದುಕಿದ್ದರು. ಸಂಜೆ ಮನೆಗೆ ಹೋದರೆ, ಹೋಟೆಲಿನಿಂದ ನನಗೆಂದು ಗೋಳಿಬಜೆ ಕಟ್ಟಿಸಿಕೊಂಡು ಬಂದಿದ್ದರು. ತಿಂದೆ.

ಅಂದಿನಿಂದ ಅದೇ ರೂಢಿಯಾಯಿತು. ಲಾಭವೂ ಇತ್ತು, ಸುಳ್ಳು ಯಾಕೆ ಹೇಳಲಿ. ಮುಂಬೈಯಲ್ಲಿ ಬಣ್ಣ ಬಳಿಯುವವರಲ್ಲಿ, ಗಾರೆ ಕೆಲಸದವರಲ್ಲಿ ವಿಜಯಪುರ, ಕಲಬುರಗಿ ಕಡೆಯವರು ಬೇಕಾದಷ್ಟು ಜನ. ಮೇಡಂಗೆ ತಿಳಿಯುವುದಿಲ್ಲ ಎಂದುಕೊಂಡು ನನ್ನ ಎದುರಿಗೇ ಎಲ್ಲ ಮಾತಾಡುತ್ತಿದ್ದರು. ಯಾವ ಗೋಡೆಗೆ ಪ್ರೈಮರ್ ಹೊಡೆಯದೆ ಬಿಟ್ಟಿದ್ದಾರೆ, ಯಾರು ನಾಳೆ ಕೆಲಸ ತಪ್ಪಿಸುತ್ತಾರೆ, ಎಲ್ಲ ಮೊದಲೇ ಗೊತ್ತಾಗುತ್ತಿತ್ತು. ಸಾವಂತ ಮೇಡಂ ಕಣ್ಣಿಗೆ ಏನೂ ತಪ್ಪುವುದಿಲ್ಲ ಎಂಬ ಹೆಸರು ನನಗೆ ಬಂದದ್ದು ಹೀಗೆ. ಕಣ್ಣಿನದು ಅದರಲ್ಲಿ ಏನೂ ಇರಲಿಲ್ಲ, ಕೆಲಸವೆಲ್ಲ ಕಿವಿಯದು.

ಡಾಕ್ಟರ್ ಅನುರಾಧಾ ಅವರ ಕ್ಲಿನಿಕ್ ಕೆಲಸ ಸಿಕ್ಕಿದ್ದು ಹೋದ ವರ್ಷ. ಮಲಾಡ್ ವೆಸ್ಟಿನಲ್ಲಿ ಒಂದು ಬಿಲ್ಡಿಂಗಿನ ಮೊದಲ ಮಹಡಿ. ಕ್ಯಾನ್ಸರ್ ಇದ್ದವರು ಬೆಳಿಗ್ಗೆ ಬಂದು, ನಾಲ್ಕೈದು ತಾಸು ಕೂತು, ಕೈಗೆ ಸಲಾಯಿನ್ ಮೂಲಕ ಕೀಮೋ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವ ಜಾಗ. ಒಂದೇ ದೊಡ್ಡ ಕೋಣೆ, ಹಿಂದಕ್ಕೆ ಒರಗುವ ಆರು ಕುರ್ಚಿಗಳು. "ನನಗೆ ಬೇಕಾಗಿರೋದು ಒಂದೇ, ವಿಜೇತಾ" ಎಂದಿದ್ದರು ಡಾಕ್ಟರ್, ಹಿಂದಿಯಲ್ಲಿ. "ಎಷ್ಟೋ ಜನ ಔಷಧಿಗೆ ಹೆದರಿ ಅಲ್ಲ, ಆ ಕೋಣೆಗೆ ಹೆದರಿ ಅರ್ಧಕ್ಕೇ ಬಿಡ್ತಾರೆ. ಬಿಟ್ಟವರು ಉಳಿಯೋದು ಕಷ್ಟ. ಇಲ್ಲಿಗೆ ಒಂದು ಸಲ ಬಂದವರಿಗೆ ಎರಡನೇ ಸಲ ಬರಬೇಕು ಅನ್ನಿಸಬೇಕು."

ನಾನು ಪುದೀನ ಹಸಿರು ಆರಿಸಿದೆ. ಕಣ್ಣಿಗೆ ತಂಪು, ಮನಸ್ಸಿಗೆ ಶಾಂತಿ ಎಂದು ಎಲ್ಲ ಪುಸ್ತಕದಲ್ಲೂ ಬರೆದಿದೆ. ಛಾವಣಿಗೆ ಅಚ್ಚ ಬಿಳಿ, ಅದರಲ್ಲಿ ಸಾಲಾಗಿ ಲೈಟು. ಕುರ್ಚಿಗಳ ಎದುರಿನ ಗೋಡೆಗೆ ತೇಗದ ಚೌಕಟ್ಟಿನ ಒಂದು ಭಾರೀ ಕನ್ನಡಿ. ಅದು ನನ್ನ ಹೆಮ್ಮೆಯ ವಸ್ತು. ಚಿಕ್ಕ ಜಾಗವನ್ನು ಕನ್ನಡಿ ಇಟ್ಟು ದೊಡ್ಡದು ಮಾಡುವುದರಲ್ಲಿ ನನ್ನದು ಎತ್ತಿದ ಕೈ ಎಂದು ನಾಲ್ಕು ಜನ ಹೇಳಿದ್ದರು, ನಾನೂ ನಂಬಿದ್ದೆ.

ಬಣ್ಣದ ಕೆಲಸಕ್ಕೆ ಬಂದವನು ಚಂದ್ರಾಮ. ಐವತ್ತರ ಆಚೀಚೆ ವಯಸ್ಸು, ಸಣಕಲು ಮೈ, ಸ್ವಚ್ಛ ಕೆಲಸ. ಅವನ ಹೆಂಡತಿಯ ತಮ್ಮ ಗದಿಗೆಪ್ಪ ಜೊತೆಗಾರ. ಮೊದಲ ದಿನ ನಾನು ಗೋಡೆಗಳ ಅಳತೆ ನೋಡುತ್ತ ನಿಂತಿದ್ದೆ. ಏಣಿಯ ಮೇಲಿದ್ದ ಚಂದ್ರಾಮ, "ಎಡಕ್ಕ ಸರೀರಿ, ಡಬ್ಬಿ ಬೀಳ್ತದ" ಅಂದ. ಸರಿದೆ. ಗೋಡೆಗೆ ಮೆತ್ತುವ ಪುಟ್ಟಿ ತುಂಬಿದ ಡಬ್ಬಿ ನಾನು ನಿಂತಿದ್ದ ಜಾಗಕ್ಕೆ ಬಂದು ಬಿತ್ತು. ನಾನು ಹಿಂದಿಯಲ್ಲಿ ಇಬ್ಬರಿಗೂ ಚೆನ್ನಾಗಿ ಬೈದೆ. ಆಮೇಲೆ ಪೆನ್ಸಿಲಿನಿಂದ ಎದುರಿನ ಗೋಡೆಯ ಮೇಲೆ ಕನ್ನಡಿಯ ಚೌಕ ಬರೆದು, ಇದರೊಳಗೆ ತಳದ ಬಿಳಿ ಪ್ರೈಮರ್ ಮಾತ್ರ ಸಾಕು, ಇಲ್ಲಿ ಬಣ್ಣ ಬಳಿದು ದಂಡ ಮಾಡಬೇಡಿ ಎಂದು ಹೇಳಿದೆ. ಕನ್ನಡಿಯ ಹಿಂದೆ, ಕಪಾಟಿನ ಹಿಂದೆ ಯಾವ ಪೇಂಟರನೂ ಬಣ್ಣ ಬಳಿಯುವುದಿಲ್ಲ. ಕಾಣದ ಜಾಗಕ್ಕೆ ಯಾಕೆ ಎಂಬುದು ನಮ್ಮ ಕಸುಬಿನ ಲೆಕ್ಕ.

ಎರಡನೇ ದಿನ ಹಸಿರು ಬಣ್ಣದ ಡಬ್ಬಿ ತೆರೆದಾಗ ಚಂದ್ರಾಮ ನನ್ನ ಹತ್ತಿರ ಬಂದ. "ಮೇಡಂ, ಯೇ ಹರಾ ರಂಗ್..." ಎಂದು ಶುರು ಮಾಡಿದ. ನನಗೆ ಕೆಲಸಗಾರರು ಬಣ್ಣದ ಬಗ್ಗೆ ಸಲಹೆ ಕೊಡುವುದು ಆಗಿಬರುವುದಿಲ್ಲ. "ಆಪ್ ಪೇಂಟ್ ಕರೋ. ರಂಗ್ ಮೈ ದೇಖೂಂಗಿ" ಎಂದು ಬಾಯಿ ಮುಚ್ಚಿಸಿದೆ. ಅವನು ತಲೆಯಾಡಿಸಿ ಹೋದ.

ಸ್ವಲ್ಪ ಹೊತ್ತಿಗೆ ಅವನು ಗದಿಗೆಪ್ಪನ ಜೊತೆ ಮಾತು ತೆಗೆದ. ಗದಿಗೆಪ್ಪ ಮಾರು ದೂರದಲ್ಲೂ ಇರಲಿಲ್ಲ, ಆದರೂ ಚಂದ್ರಾಮನ ದನಿ ಇಡೀ ಕೋಣೆಗೆ ಕೇಳುವಷ್ಟಿತ್ತು. ಪಾಪ, ಗದಿಗೆಪ್ಪನಿಗೆ ಕಿವಿ ಮಂದ ಇರಬೇಕು ಎಂದುಕೊಂಡೆ.

"ಗದಿಗೆಪ್ಪಾ, ಈ ಹಸರು ಆ ದೊಡ್ಡ ದವಾಖಾನಿ ಪರದೆ ಹಸರ ಅದ ನೋಡು. ನಿಮ್ಮಕ್ಕ ಎರಡು ಸಲ ಅದರಾಗ ಕುಂತು ಸಲಾಯಿನ್ ಹಚ್ಚಿಸ್ಕೊಂಡು ಬಂದಾಳ. ಈಗ ಯಾರರೆ ಅಂಥಾ ಸೀರಿ ಉಟ್ಕೊಂಡು ಬಂದ್ರ ಸಾಕು, ವಾಂತಿ ಬಂತು ಅಂತ ಹೊರಗ ಓಡ್ತಾಳ."

ಗದಿಗೆಪ್ಪ ಹೂಂ ಅಂದ.

"ಆರು ಸಲ ಹಚ್ಚಬೇಕು ಅಂದಾರ. ಲಕ್ಷ್ಮವ್ವ ಎರಡಕ್ಕ ಸಾಕು ಮಾಡಿ ಕುಂತಾಳ. ಸತ್ತರ ಸಾಯ್ತೀನಿ, ಆ ಖೋಲ್ಯಾಗ ಮತ್ತ ಕಾಲಿಡಂಗಿಲ್ಲ ಅಂತಾಳ. ಅನುರಾಧಾ ಡಾಕ್ಟರು ಇಲ್ಲಿ ಒಂದು ಕುರ್ಚಿ ಬಡವ್ರಿಗೆ ಅಂತ ಇಡ್ತಾರಂತ, ಮೂರನೇದು ಇಲ್ಲೇ ಹಚ್ಚಸೋಣ ಅಂದಾರ. ಇಲ್ಲೂ ಇದೇ ಬಣ್ಣ ಇದ್ರ ಆಕಿ ಬಾಗಿಲಾಗಿಂದ ಹೊಳ್ಳಿ ಹೋಗ್ತಾಳ. ಊರಾಗ ನಮ್ಮ ಮನಿಗೆ ಸುಣ್ಣದಾಗ ಚೂರು ಕ್ಯಾಮಣ್ಣು ಕಲಸಿ ಹಚ್ತಿದ್ವಲ್ಲ, ಆ ಬಣ್ಣ ಇದ್ರ ನಿದ್ದಿ ಮಾಡ್ತಾಳ."

ನಾನು ಫೋನ್ ನೋಡುವವಳ ಹಾಗೆ ನಿಂತು ಎಲ್ಲ ಕೇಳಿಸಿಕೊಂಡೆ. ಆ ಸಂಜೆ ಬೊರಿವಲಿಗೆ ಲೋಕಲ್‌ನಲ್ಲಿ ನಿಂತು ಹೋಗುವಾಗ ಎದುರಿಗೆ ಒಬ್ಬಳು ಪುದೀನ ಹಸಿರಿನ ಕುರ್ತಾ ಹಾಕಿಕೊಂಡಿದ್ದಳು. ಕಾಂದಿವಲಿ ದಾಟುವವರೆಗೆ ಅದನ್ನೇ ನೋಡಿದೆ. ಹೌದು, ಅದು ಆಸ್ಪತ್ರೆಯ ಪರದೆಯ ಬಣ್ಣ. ಕಣ್ಣೆದುರಿಗೇ ಇದ್ದದ್ದು ನನಗೆ ಕಂಡಿರಲಿಲ್ಲ.

ಮರುದಿನ ಡಾಕ್ಟರಿಗೆ ಫೋನ್ ಮಾಡಿ, ಹಸಿರು ಬೇಡ, ಸುಣ್ಣಕ್ಕೆ ಒಂದು ಚಿಟಿಕೆ ಕೆಮ್ಮಣ್ಣು ಬೆರೆಸಿದಂಥ ಬಣ್ಣ ಮಾಡೋಣ ಎಂದೆ. ಪೇಷಂಟುಗಳಿಗೆ ದೊಡ್ಡಾಸ್ಪತ್ರೆಯ ಬಣ್ಣ ನೆನಪಾದರೆ ಸಾಕು, ಔಷಧಿ ಮೈಗೆ ಹತ್ತುವ ಮೊದಲೇ ವಾಂತಿ ಬರುತ್ತದೆ ಎಂದೆ. ಅವರು, "ಇದು ನಿಜ ವಿಜೇತಾ, ನಾವು ದಿನಾ ನೋಡ್ತೇವೆ. ನಿಮಗೆ ಹೇಗೆ ಹೊಳೀತು?" ಎಂದು ಕೇಳಿದರು. ಆಗ ಹೇಳಿಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. "ಸ್ವಲ್ಪ ಸ್ಟಡಿ ಮಾಡಿದೆ" ಅಂದೆ.

ಒಮ್ಮೆ ಕದ್ದು ದಕ್ಕಿಸಿಕೊಂಡವರಿಗೆ ಎರಡನೇ ಸಲ ಕೈ ನಡುಗುವುದಿಲ್ಲ. ನಾಲ್ಕು ದಿನ ಬಿಟ್ಟು ಚಂದ್ರಾಮ ಛಾವಣಿಗೆ ಬಣ್ಣ ಬಳಿಯುತ್ತ, ಕೆಳಗಿದ್ದ ಗದಿಗೆಪ್ಪನಿಗೆ ಕೂಗಿ ಹೇಳಿದ, "ಕುರ್ಚ್ಯಾಗ ಒರಗಿದಾಕಿ ಗ್ವಾಡಿ ಎಲ್ಲಿ ನೋಡ್ತಾಳಪಾ? ಐದು ತಾಸು ನೋಡೂದು ಮ್ಯಾಲಿನ ಛತ್ತು. ಈ ಲೈಟು ಎಲ್ಲಾ ಸೀದಾ ಕಣ್ಣಾಗ ಹೊಡೀತಾವು. ಕಣ್ಣು ಮುಚ್ಚಿದ್ರೂ ಕೆಂಪಗ ಕಾಣ್ತದಂತ, ಲಕ್ಷ್ಮವ್ವ ಅಂತಿದ್ಲು. ಜೋಡಿ ಬಂದಾವ ನಿಂತ ಇರಬೇಕು, ಅವಗೊಂದು ಸ್ಟೂಲ್ ಸೈತ ಇಲ್ಲ."

ಲೈಟುಗಳು ಗೋಡೆಯ ಅಂಚಿಗೆ ಹೋದವು. ಛಾವಣಿಗೂ ಅದೇ ಕೆಮ್ಮಣ್ಣಿನ ಬಣ್ಣ ಬಂತು, ಒಂದು ಛಾಯೆ ತೆಳು. ಪ್ರತಿ ಕುರ್ಚಿಯ ಪಕ್ಕ ಜೊತೆಗಾರರಿಗೆ ಮರದ ಪೀಠ ಬಂತು. ಡಾಕ್ಟರಿಗೆ ನಾನು, "ಒಂದು ಮಧ್ಯಾಹ್ನ ಪೂರ್ತಿ ಪೇಷಂಟ್ ಹಾಗೆ ಆ ಕುರ್ಚಿಯಲ್ಲಿ ಒರಗಿ ಕೂತಿದ್ದೆ, ಆಗ ಗೊತ್ತಾಯಿತು" ಎಂದೆ. ಆ ಕುರ್ಚಿಗಳ ಮೇಲಿನ ಪ್ಲಾಸ್ಟಿಕ್ ಕೂಡ ಆಗ ಬಿಚ್ಚಿರಲಿಲ್ಲ. ಡಾಕ್ಟರ್ ನನ್ನ ಕೈ ಹಿಡಿದುಕೊಂಡು, "ಇಷ್ಟು ಕಾಳಜಿ ಮಾಡೋ ಡಿಸೈನರ್ ನಾನು ನೋಡಿಲ್ಲ" ಎಂದರು. ಏಣಿಯ ಮೇಲೆ ಚಂದ್ರಾಮ ಬ್ರಷ್ ಆಡಿಸುತ್ತಲೇ ಇದ್ದ. ಅವನ ಕಡೆ ನೋಡಲು ನನಗೆ ಆಗಲಿಲ್ಲ. ನಾಚಿಕೆ ಆಗಲೂ ಇತ್ತು, ಆದರೆ ನಾಚಿಕೆಗಿಂತ ಹೊಗಳಿಕೆ ಜಾಸ್ತಿ ಸಿಹಿಯಾಗಿತ್ತು.

ಕೊನೆಯ ಮಾತು ಬಂದದ್ದು ಕನ್ನಡಿಯ ಗೋಡೆಯ ಹತ್ತಿರ. ಪೆನ್ಸಿಲ್ ಗೆರೆಯ ಪಕ್ಕ ನಿಂತು ಚಂದ್ರಾಮ ಎಂದಿಗಿಂತ ನಿಧಾನಕ್ಕೆ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಗದಿಗೆಪ್ಪಾ, ಇಲ್ಲಿ ದೊಡ್ಡ ಕನ್ನಡಿ ಬರ್ತದಂತ, ಕುರ್ಚಿ ಎದುರಿಗೇ. ನಿಮ್ಮಕ್ಕನ ತಲ್ಯಾಗ ಒಂದು ಕೂದಲ ಉಳದಿಲ್ಲ. ಹುಬ್ಬು ಸೈತ ಹೋಗ್ಯಾವ. ಮನ್ಯಾಗಿನ ಕನ್ನಡಿ ಗ್ವಾಡಿ ಕಡೆ ಮಾರಿ ಮಾಡಿ ಇಟ್ಟಾಳ. ನೀರಿನ ಕೊಡದಾಗ ಸೈತ ಬಗ್ಗಿ ನೋಡಂಗಿಲ್ಲ. ಇಲ್ಲಿ ಐದು ತಾಸು ತನ್ನ ಮಾರಿ ತಾನ ನೋಡ್ಕೋಂತ ಹ್ಯಾಂಗ ಕುಂದರ್ತಾಳೋ."

ಇಬ್ಬರೂ ಕೆಲಸ ನಿಲ್ಲಿಸಿ ಆ ಚೌಕವನ್ನು ನೋಡುತ್ತ ನಿಂತರು. ನಾನು ಬಾಗಿಲ ಹತ್ತಿರ ಬಿಲ್ಲು ನೋಡುತ್ತಿದ್ದೆ. ಕೇಳಿಸಿತು. ಒಂದಕ್ಷರ ಬಿಡದೆ ಕೇಳಿಸಿತು.

ಕನ್ನಡಿ ಬೇಡ ಎಂದು ಆ ಕ್ಷಣವೇ ನನಗೆ ಗೊತ್ತಾಗಿತ್ತು. ಆದರೆ ಒಂದು ಡಿಸೈನ್ ವೆಬ್‌ಸೈಟಿನವರು ಫೋಟೋ ತೆಗೆಯಲು ಬರುವುದಿತ್ತು. ಆ ಕೋಣೆಯ ಫೋಟೋ ಎದ್ದು ಕಾಣಬೇಕಾದರೆ ಕನ್ನಡಿ ಬೇಕು, ಅದು ಇದ್ದರೆ ಆರು ಕುರ್ಚಿ ಹನ್ನೆರಡಾಗಿ ಕಾಣುತ್ತದೆ. ಫೋಟೋ ಆಗಲಿ, ಆಮೇಲೆ ಇಳಿಸಿದರಾಯಿತು ಎಂದುಕೊಂಡೆ. ಹೇಗೂ ಗೋಡೆಗೆ ಅಂಟಿಸುವುದಲ್ಲ, ಕೊಕ್ಕೆಗೆ ತೂಗುಹಾಕುವುದು. ಆ ಗೋಡೆಯ ಕೆಲಸ ಮುಗಿದು ಕನ್ನಡಿ ಏರಿದಾಗ ನಾನು ಬೇರೆ ಸೈಟಿನಲ್ಲಿದ್ದೆ. ಓಪನಿಂಗ್ ಹಿಂದಿನ ದಿನ ಫೋಟೋ ಆಯಿತು. ಓಪನಿಂಗ್ ದಿನ ಬಂದವರೆಲ್ಲ ಕನ್ನಡಿಯ ಎದುರಿಗೇ ನಿಂತು ಸೆಲ್ಫಿ ತೆಗೆದುಕೊಂಡರು. ಡಾಕ್ಟರಿಗೂ ಅದು ಹಿಡಿಸಿತು. ಆ ಕೋಣೆಯನ್ನು ಅವರು ಯಾವಾಗಲೂ ನಿಂತೇ ನೋಡುವವರು. ಇಷ್ಟು ಜನ ಮೆಚ್ಚಿದ್ದನ್ನು ಈಗ ಇಳಿಸುತ್ತೇನೆ ಎಂದರೆ ಕಾರಣ ಹೇಳಬೇಕಾಗುತ್ತದೆ. ಇನ್ನೆರಡು ದಿನ ಇರಲಿ ಎಂದೆ.

ವೆಬ್‌ಸೈಟಿನಲ್ಲಿ ಬಂದ ಲೇಖನವನ್ನು ನಾನೇ ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. ರೋಗಿಯ ಕಣ್ಣಿನಿಂದ ಕೋಣೆಯನ್ನು ಕಂಡ ಡಿಸೈನರ್ ಎಂದು ಬರೆದಿದ್ದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ತುಳುವಿನಲ್ಲಿ ಓದಿ ಹೇಳಿದೆ. ಅಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೇಳಿದಳು, "ನಿನಗೆ ಇದೆಲ್ಲ ಹೇಗೆ ಗೊತ್ತಾಯಿತು ಮಗಾ? ಅಪ್ಪನನ್ನು ಅಡ್ಮಿಟ್ ಮಾಡಿದ್ದಾಗ ನೀನು ಡಬ್ಬಿ ಕೊಟ್ಟು ಬಾಗಿಲಿಂದಲೇ ಹೋಗುತ್ತಿದ್ದಿ. ಒಂದು ದಿನ ಒಳಗೆ ಕೂತವಳಲ್ಲ." ಅವಳು ಚುಚ್ಚಲು ಹೇಳಿದ್ದಲ್ಲ, ನಿಜಕ್ಕೂ ಆಶ್ಚರ್ಯದಿಂದ ಕೇಳಿದ್ದು. ನಾನು ಓದಿ ತಿಳಿದುಕೊಂಡೆ ಎಂದೆ. ಅಮ್ಮನಿಗೂ ಸುಳ್ಳು ಹೇಳಿದೆ.

ಓಪನಿಂಗ್ ಆಗಿ ನಾಲ್ಕನೇ ದಿನ, ಮಿಣಮಿಣ ಎನ್ನುತ್ತಿದ್ದ ಒಂದು ಲೈಟನ್ನು ನೋಡಲು ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿದ್ದೆ. ಪೇಷಂಟುಗಳು ಇನ್ನೂ ಯಾರೂ ಬಂದಿರಲಿಲ್ಲ. ಲಿಫ್ಟಿನಿಂದ ಚಂದ್ರಾಮ ಇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ನಾನು ಅವನನ್ನು ಬಣ್ಣದ ಕಲೆಗಳಿಲ್ಲದೆ ನೋಡಿದ್ದು ಅದೇ ಮೊದಲು. ಹಿಂದೆ ಗದಿಗೆಪ್ಪ. ಇಬ್ಬರ ನಡುವೆ ತಲೆ ತುಂಬ ಸೆರಗು ಹೊದ್ದ ಹೆಂಗಸು, ಲಕ್ಷ್ಮವ್ವ. ಚಂದ್ರಾಮ ಎದುರಿನ ಗೋಡೆ ನೋಡಿದ. ಕನ್ನಡಿ ಅಲ್ಲೇ ಇತ್ತು. ಅವನ ಹೆಜ್ಜೆ ನಿಂತಿತು, ಆದರೆ ಹೆಂಡತಿ ಆಗಲೇ ಮುಂದೆ ಹೋಗಿದ್ದಳು.

ನರ್ಸ್ ಮೂಲೆಯ ಕುರ್ಚಿ ತೋರಿಸಿದಳು. ಲಕ್ಷ್ಮವ್ವ ಕೆಳಗೇ ನೋಡುತ್ತ ಬಂದು, ಕುರ್ಚಿಯ ಕೈ ಮುಟ್ಟಿ ನೋಡಿ ಕೂತಳು. ಮೊದಲು ಛಾವಣಿ ನೋಡಿದಳು. "ಚಲೋ ಅದ" ಅಂದಳು ಗಂಡನಿಗೆ. "ನಮ್ಮ ಮನಿ ಬಣ್ಣ." ಚಂದ್ರಾಮ ಅವಳಿಗೂ ಕನ್ನಡಿಗೂ ನಡುವೆ ಬಂದು ನಿಲ್ಲಲು ಹೋದ. ಅಷ್ಟರಲ್ಲಿ ನರ್ಸ್ ಕುರ್ಚಿಯನ್ನು ಹಿಂದಕ್ಕೆ ಒರಗಿಸಿದಳು, ಲಕ್ಷ್ಮವ್ವನ ಸೆರಗು ಜಾರಿತು, ಅವಳು ಅದನ್ನು ಎಳೆದುಕೊಳ್ಳುತ್ತ ಎದುರಿಗೆ ನೋಡಿದಳು.

ಅವಳು ಅಳಲಿಲ್ಲ, ಕೂಗಲಿಲ್ಲ. ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದ್ದಳು. "ನಾ ಒಲ್ಲೆ" ಅಂದಳು. ನರ್ಸ್ ಏನಾಯಿತು ಏನಾಯಿತು ಎಂದು ಹಿಂದಿಯಲ್ಲಿ ಕೇಳುತ್ತಿದ್ದಳು. ಲಕ್ಷ್ಮವ್ವ ನನ್ನ ಪಕ್ಕದಲ್ಲೇ ಹಾದು ಹೊರಗೆ ಹೋದಳು. ಗದಿಗೆಪ್ಪ ಅಕ್ಕನ ಹಿಂದೆ ಓಡಿದ. ಹೊರಗಿನಿಂದ ಅವರಿಬ್ಬರೂ ಪಿಸುಮಾತಿನಲ್ಲಿ ಮಾತಾಡುತ್ತಿದ್ದದ್ದು ಕೇಳುತ್ತಿತ್ತು. ಅಕ್ಕನ ಪಿಸುಮಾತಿಗೆ ಗದಿಗೆಪ್ಪ ಪಿಸುಮಾತಿನಲ್ಲೇ ಉತ್ತರ ಕೊಡುತ್ತಿದ್ದ. ಅವನ ಕಿವಿ ಸರಿಯಾಗೇ ಇತ್ತು.

ಹಾಗಾದರೆ ಆ ಜೋರು ದನಿ ಅವನಿಗಾಗಿ ಇರಲಿಲ್ಲ.

ಚಂದ್ರಾಮ ನನ್ನ ಕಡೆ ತಿರುಗಿದ. ಹದಿನೈದು ದಿನ ಮೇಡಂ ಎಂದವನು ಅಂದು ಹಾಗೆ ಕರೆಯಲಿಲ್ಲ.

"ಅಕ್ಕಾರ" ಅಂದ. "ಹಸರಿನ ಮಾತು ಕೇಳಿಸ್ತು. ಲೈಟಿನ ಮಾತು ಕೇಳಿಸ್ತು. ಕನ್ನಡಿದೊಂದು ಕೇಳಿಸಲಿಲ್ಲೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಸಿಟ್ಟು ಮಾಡಿ ಪಾರಾಗುತ್ತಿದ್ದೆನೇನೋ. ಅವನು ನಿಜಕ್ಕೂ ತಿಳಿಯಲೆಂದೇ ಕೇಳುತ್ತಿದ್ದ. ಒಂದು ವೇಳೆ ತಾನೇ ಮೆಲ್ಲಗೆ ಹೇಳಿದ್ದನೋ ಏನೋ, ತಪ್ಪು ತನ್ನದೇ ಇರಬಹುದು ಎಂಬ ಹಾಗೆ. ನನ್ನ ನಾಲಿಗೆಯ ತುದಿಗೆ 'ಕ್ಯಾ' ಎಂಬ ಮಾತು ಬಂದಿತ್ತು, ಅಂದು ಖಂಡಪ್ಪನಿಗೆ ಹೇಳಿದ್ದೇ ಮಾತು. ಅದು ಎಷ್ಟು ಸುಲಭವಾಗಿ ಬರುತ್ತದೆ ಎಂದು ನೋಡಿ ನನಗೇ ಹೇಸಿಗೆಯಾಯಿತು.

"ಕೇಳಿಸಿತ್ತು" ಅಂದೆ. "ಫೋಟೋ ಆಗಲಿ ಅಂತ ಬಿಟ್ಟೆ."

ಅವನು ತಲೆಯಾಡಿಸಿದ. ನನಗೆ ಕೇಳದೆ ಇರಲಾಗಲಿಲ್ಲ. "ನನಗೆ ಕನ್ನಡ ಬರ್ತದೆ ಅಂತ ನಿಮಗೆ ಯಾವಾಗ ಗೊತ್ತಾಯಿತು?"

"ಮೊದಲ ದಿನಾನ. ಎಡಕ್ಕ ಸರೀರಿ ಅಂದೆ. ನೀವು ಎಡಕ್ಕ ಸರದ್ರಿ."

"ಮತ್ತೆ ನನಗೇ ಯಾಕೆ ಹೇಳಲಿಲ್ಲ?"

"ಹೇಳಾಕ ಬಂದಿದ್ದೆನಲ್ರೀ" ಅಂದ ಚಂದ್ರಾಮ. "ನೀ ಪೇಂಟ್ ಹಚ್ಚು, ಬಣ್ಣ ನಾ ನೋಡ್ತೀನಿ ಅಂದ್ರಿ. ಕನ್ನಡ ಬರೂದನ್ನ ನೀವು ಮುಚ್ಚಿ ಇಟ್ಟಿದ್ರಿ, ಏನೋ ಕಾರಣ ಇರ್ತದ. ಅದನ್ನ ನಾ ಯಾಕ ತೆಗೀಲಿ? ಅದಕ್ಕ ಗದಿಗೆಪ್ಪಗ ಹೇಳಿದೆ. ನೀವು ಕೇಳಿ ಒಂದೊಂದೇ ಮಾಡಿಸ್ಕೋತ ಬಂದ್ರಿ. ಇದನ್ನೂ ಮಾಡಿಸ್ತೀರಿ ಅಂತ ನಂಬಿದ್ದೆ."

ನಾನು ಕದಿಯುತ್ತಿದ್ದೇನೆ ಎಂದುಕೊಂಡಿದ್ದೆ. ಅವನು ಕೊಡುತ್ತಿದ್ದ. ಅದೂ ನನ್ನ ಮಾನ ಹೋಗದ ಹಾಗೆ ಕೊಡುತ್ತಿದ್ದ. ಅವನ ಹೆಂಡತಿಯ ಜೀವ ನನ್ನ ಕಿವಿಯ ಮೇಲೆ ನಿಂತಿತ್ತು. ನಾನು ಆ ಕಿವಿಯನ್ನು ಫೋಟೋ ಮುಗಿಯುವವರೆಗೆ ಮುಚ್ಚಿಕೊಂಡಿದ್ದೆ.

"ಇಳಿಸೋಣ" ಅಂದೆ. ವಾಚ್‌ಮನ್‌ನನ್ನು ಕೆಳಗಿನಿಂದ ಕರೆಸಿದೆ. ಗದಿಗೆಪ್ಪ ಅಕ್ಕನನ್ನು ಲಿಫ್ಟಿನ ಪಕ್ಕದ ಬೆಂಚಿನ ಮೇಲೆ ಕೂರಿಸಿ ಬಂದ. ಅವರು ಮೂವರು, ನಾನೊಬ್ಬಳು, ನಾಲ್ಕು ಮೂಲೆ ಹಿಡಿದೆವು. ಕನ್ನಡಿ ಭಾರ ಇತ್ತು. ಎತ್ತುವಾಗ ನನ್ನ ಮುಖ ಗಾಜಿಗೆ ಗೇಣು ದೂರದಲ್ಲಿತ್ತು, ನಾನು ಕಣ್ಣು ಮುಚ್ಚಿಕೊಂಡೆ. ಕೊಕ್ಕೆಯಿಂದ ಬಿಡಿಸಿ, ಕೆಳಗಿಳಿಸಿ, ಗೋಡೆಯ ಕಡೆ ಮುಖ ಮಾಡಿ ಒರಗಿಸಿದೆವು. ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಾನು ಮೇಲೆ ನೋಡಿದೆ.

ಕನ್ನಡಿಯ ಹಿಂದೆ ಪ್ರೈಮರಿನ ಬಿಳಿ ಚೌಕ ಇರಬೇಕಿತ್ತು. ಇರಲಿಲ್ಲ. ಗೋಡೆ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಣ್ಣವಾಗಿತ್ತು. ಎರಡು ಕೋಟ್ ಪೂರ್ತಿ ಬಳಿದು, ಪೆನ್ಸಿಲ್ ಗೆರೆಯನ್ನೂ ಉಜ್ಜಿ ಅಳಿಸಿದ್ದರು. ಎರಡು ಕೊಕ್ಕೆಗಳನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ನಾನು ಆ ಗೋಡೆಗೆ ಕೈ ಇಟ್ಟೆ. ಬೇಡ ಎಂದಿದ್ದ ಜಾಗಕ್ಕೆ ಬಣ್ಣ ಬಳಿದಿದ್ದ ಚಂದ್ರಾಮ. ನಾನು ಕನ್ನಡಿ ಇಳಿಸುತ್ತೇನೆ ಎಂದು ಅವನಿಗೆ ಅಷ್ಟು ಖಾತ್ರಿ ಇತ್ತು. ಇಳಿಸಿದ ದಿನ ಗೋಡೆಯಲ್ಲಿ ಬಿಳಿ ಚೌಕ ಕಾಣಬಾರದು ಎಂದು ಮುಂಚೆಯೇ ಮುಗಿಸಿ ಇಟ್ಟಿದ್ದ. ನನ್ನ ಬಗ್ಗೆ ಇಷ್ಟು ಒಳ್ಳೆಯದನ್ನು ಯಾರೂ ಎಂದೂ ನಂಬಿರಲಿಲ್ಲ, ಅದಕ್ಕೆ ನಾನು ತಕ್ಕವಳಾಗಿರಲಿಲ್ಲ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸದ್ದು ಕೇಳಿ ಡಾಕ್ಟರ್ ಅನುರಾಧಾ ತಮ್ಮ ಕೋಣೆಯಿಂದ ಬಂದರು. "ಯಾಕೆ ವಿಜೇತಾ, ಇದನ್ನ ಯಾಕೆ ತೆಗೆದಿರಿ?"

"ನನಗನ್ನಿಸಿತು..." ಎಂದು ಬಾಯಿ ತೆರೆದೆ. ಅಷ್ಟಾದ ಮೇಲೂ ಮೊದಲು ಬಂದದ್ದು ಅದೇ ಮಾತು. ಅಲ್ಲಿಗೇ ನಿಲ್ಲಿಸಿದೆ.

"ನನಗೆ ಅನ್ನಿಸಿದ್ದಲ್ಲ" ಅಂದೆ. "ಇದು ಚಂದ್ರಾಮ ಹೇಳಿದ್ದು. ಬಣ್ಣ ಚಂದ್ರಾಮ ಹೇಳಿದ್ದು.  ಛಾವಣಿ, ಲೈಟು, ಜೊತೆಗಾರರ ಪೀಠ, ಎಲ್ಲ ಅವರ ಹೆಂಡತಿ ಕೂತು ಅನುಭವಿಸಿ, ಅವರು ಹೇಳಿದ್ದು. ನಾನು ನನ್ನದು ಅಂತ ನಿಮಗೆ ಹೇಳಿದೆ."

ಡಾಕ್ಟರ್ ನನ್ನನ್ನೂ ಚಂದ್ರಾಮನನ್ನೂ ನೋಡಿದರು. "ಒಂದು ಮಧ್ಯಾಹ್ನ ಆ ಕುರ್ಚಿಯಲ್ಲಿ ಕೂತಿದ್ದೆ ಅಂದಿದ್ದಿರಿ."

"ಕೂತಿರಲಿಲ್ಲ."

ಅವರು ಏನಾದರೂ ಬೈಯಬಹುದು ಎಂದು ಕಾದೆ. ಬೈಯಲಿಲ್ಲ. ನನ್ನ ಮುಖದಿಂದ ಕಣ್ಣು ತೆಗೆದು, ಆಮೇಲೆ ಮತ್ತೆ ನನ್ನ ಕಡೆ ನೋಡಲಿಲ್ಲ. "ಚಂದ್ರಾಮ್‌ಜೀ, ಲಕ್ಷ್ಮವ್ವ ಎಲ್ಲಿ? ಕರೆದುಕೊಂಡು ಬನ್ನಿ. ಇವತ್ತು ತಪ್ಪಬಾರದು" ಎಂದರು.

ಚಂದ್ರಾಮ ಹೊರಗೆ ಹೋದ. ನಾನೂ ಹೋದೆ, ಅವನ ಹಿಂದೆ. ಲಕ್ಷ್ಮವ್ವ ಬೆಂಚಿನ ತುದಿಯಲ್ಲಿ ಮಂಡಿಯ ಮೇಲೆ ಕೈ ಇಟ್ಟು ಕೂತಿದ್ದಳು. "ತೆಗದೀವಿ, ಬಾ" ಅಂದ ಚಂದ್ರಾಮ. ಅವಳು ಅಲುಗಲಿಲ್ಲ. ನಾನು ಅವಳ ಎದುರು ಕುಕ್ಕರುಗಾಲಲ್ಲಿ ಕೂತೆ. ಏನೇನೋ ಹೇಳಬೇಕೆಂದು ಬಂದವಳಿಗೆ ಶಾಲೆಯ ಪುಸ್ತಕದ ಕನ್ನಡ ಬಿಟ್ಟು ಬೇರೆ ಬರಲಿಲ್ಲ. "ಅದು ನನ್ನಿಂದಾದ ತಪ್ಪು. ಈಗ ಅಲ್ಲಿ ಬರೀ ಗೋಡೆ ಇದೆ. ಬಂದು ನೋಡಿ" ಅಂದೆ. ಅವಳು ಹುಬ್ಬಿಲ್ಲದ ಕಣ್ಣುಗಳಿಂದ ನನ್ನನ್ನು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿರಲಿಲ್ಲ, ನೋಡಲು ನಾನು ಬಿಟ್ಟಿರಲೂ ಇಲ್ಲ. ಕೊನೆಗೆ ಗಂಡನ ಕೈ ಹಿಡಿದು ಎದ್ದಳು.

ಬಾಗಿಲಲ್ಲಿ ನಿಂತು ಎದುರಿನ ಗೋಡೆಯನ್ನು ಪೂರ್ತಿ ನೋಡಿದ ಮೇಲೆ ಒಳಗೆ ಕಾಲಿಟ್ಟಳು. ಅದೇ ಮೂಲೆಯ ಕುರ್ಚಿಯಲ್ಲಿ ಕೂತಳು. ನರ್ಸ್ ಕೈಗೆ ಸೂಜಿ ಚುಚ್ಚುವಾಗ ಮುಖ ತಿರುಗಿಸಿ ಗೋಡೆ ನೋಡಿದಳು. ಚಂದ್ರಾಮ ಪಕ್ಕದ ಪೀಠದ ಮೇಲೆ ಕೂತ. ಹನಿ ಬೀಳಲು ಶುರುವಾಯಿತು. ಸ್ವಲ್ಪ ಹೊತ್ತಾದ ಮೇಲೆ ಲಕ್ಷ್ಮವ್ವ ಸೆರಗನ್ನು ತಾನೇ ಹಿಂದಕ್ಕೆ ಸರಿಸಿ ತಲೆಯನ್ನು ಕುರ್ಚಿಗೆ ಆನಿಸಿದಳು. ನಾನು ಹೋಗಲೂ ಆಗದೆ ಇರಲೂ ಆಗದೆ ಬಾಗಿಲ ಹತ್ತಿರ ನಿಂತಿದ್ದೆ.

ಅವಳು ನನ್ನ ಕಡೆ ಗದ್ದ ಎತ್ತಿ ತೋರಿಸಿ ಗಂಡನನ್ನು ಕೇಳಿದಳು, "ಆ ಅಕ್ಕಾರು ಯಾರು?"

ನಾನು ನೆಲ ನೋಡಿದೆ.

"ನಮ್ಮವರ ಅದಾರ, ನಮ್ಮ ಕಡೆಯವರು" ಅಂದ ಚಂದ್ರಾಮ. "ಮಾತು ಸ್ವಲ್ಪ ಕಮ್ಮಿ, ಅಷ್ಟ."